ಯಾವ ಪ್ರಾಣಿಗೆ ಮೊದಲು? ಸಾಲದ ಅರ್ಜಿ ನೋಡಿ ಪಳಗಿದ ಕಣ್ಣಿನ ಕೈಪಿಡಿ

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಕೋಲಾರದ ನಮ್ಮ ಮನೆಯ ಹಜಾರದಲ್ಲಿ ಹನ್ನೊಂದು ಮಂದಿ ಸೇರುತ್ತೇವೆ. ಎಲ್ಲರೂ ಗ್ರಾಮೀಣ ಶಾಖೆಗಳಲ್ಲಿ ದುಡಿದು ನಿವೃತ್ತರಾದ ಬ್ಯಾಂಕ್ ನೌಕರರು. ಪಿಂಚಣಿಯಲ್ಲಿ ಉಳಿಸಿದ್ದು, ಮಕ್ಕಳು ಕಳುಹಿಸಿದ್ದು ಎಲ್ಲ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಕೂಡುತ್ತದೆ. ಅಳಿವಿನ ಅಂಚಿನಲ್ಲಿರುವ ಯಾವ ಪ್ರಾಣಿಗಾಗಿ ಈ ಹಣವನ್ನು ಖರ್ಚು ಮಾಡಬೇಕು ಎಂದು ಆ ಒಂದು ದಿನದಲ್ಲಿ ತೀರ್ಮಾನಿಸುತ್ತೇವೆ. ಊರಿನ ಯುವಕ ಸಂಘದವರು, ಶಾಲೆಯ ಶಿಕ್ಷಕರು, ಹೊರದೇಶದಲ್ಲಿರುವ ನೆಂಟರು ಇದೇ ಪ್ರಶ್ನೆಯನ್ನು ನನಗೆ ಆಗಾಗ ಕೇಳುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಾಗಿ ಬರೆದಿದ್ದೇನೆ.

ಮೊದಲ ವರ್ಷ ನಾವು ಎಡವಿದ್ದನ್ನು ಮುಚ್ಚಿಡುವುದಿಲ್ಲ. ಯಾವ ಪ್ರಾಣಿ ಎಲ್ಲಕ್ಕಿಂತ ಹೆಚ್ಚು ಇಷ್ಟ ಎಂದು ಕೈ ಎತ್ತಿಸಿದೆವು. ಹುಲಿ ಗೆದ್ದಿತು. ಒಂದು ಮೃಗಾಲಯದಲ್ಲಿ ಹುಲಿಯನ್ನು ದತ್ತು ಪಡೆದು, ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆವು. ಆ ಹುಲಿಗೆ ಊಟಕ್ಕೆ ಮೊದಲೂ ಕೊರತೆಯಿರಲಿಲ್ಲ, ಆಮೇಲೂ ಇರಲಿಲ್ಲ. ಕಾಡಿನ ಹುಲಿಯ ಮಟ್ಟಿಗೆ ನಮ್ಮ ಹಣದಿಂದ ಒಂದು ಎಲೆಯೂ ಅಲುಗಲಿಲ್ಲ. ಹುಲಿ ಯೋಜನೆ 1973ರಲ್ಲಿ ಶುರುವಾದಾಗ ಬಂಡೀಪುರ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಗಿತ್ತು. 2006ರಲ್ಲಿ ದೇಶದಲ್ಲಿ 1,411 ಎಂದು ಅಂದಾಜಾಗಿದ್ದ ಹುಲಿಗಳು 2022ರ ಗಣತಿಯಲ್ಲಿ 3,682ಕ್ಕೆ ಏರಿದವು. ಕರ್ನಾಟಕದಲ್ಲೇ 563. ಸರ್ಕಾರ, ನ್ಯಾಯಾಲಯ, ದೊಡ್ಡ ಸಂಸ್ಥೆಗಳು ಎಲ್ಲವೂ ಬೆನ್ನಿಗಿರುವ ಪ್ರಾಣಿ ಅದು. ಅದರ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಅಂದೇ ನನಗೆ ಹೊಳೆದದ್ದು, 'ಯಾವ ಪ್ರಾಣಿ ಮುಖ್ಯ' ಎಂಬ ಪ್ರಶ್ನೆಗೆ ಅಷ್ಟರಲ್ಲೇ ಉತ್ತರ ಸಿಗುವುದಿಲ್ಲ. 'ನಮ್ಮ ಕೈಯಿಂದ ಯಾವ ಪ್ರಾಣಿಯ ಹಣೆಬರಹ ಬದಲಾದೀತು' ಎಂದು ಕೇಳಿದರೆ ಉತ್ತರ ಸಿಗುತ್ತದೆ.

ನಿಮ್ಮ ಬಳಿ ಏನಿದೆ ಎಂದು ಮೊದಲು ಬರೆಯಿರಿ

ಪ್ರಾಣಿಯ ಹೆಸರು ಎತ್ತುವ ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಬಂಡವಾಳವನ್ನು ಬರೆಯಿರಿ. ಹಣ ಎಷ್ಟು, ಎಷ್ಟು ವರ್ಷ ಕೊಡಬಲ್ಲಿರಿ, ಎಷ್ಟು ದೂರ ಓಡಾಡಬಲ್ಲಿರಿ, ನಿಮ್ಮ ಮಾತನ್ನು ಯಾರು ಕೇಳುತ್ತಾರೆ. ಈ ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನಾವೂ ಬಿಟ್ಟಿದ್ದೆವು. ಎರಡನೆಯ ವರ್ಷ ನಮ್ಮ ಜೊತೆಯ ಹಿರಿಯರೊಬ್ಬರು, "ಅಲ್ಲಮ್ಮ, ಮೂವತ್ತು ವರ್ಷ ಹಸು ಸಾಲ ಕೊಟ್ಟಿದ್ದೇವೆ. ನಾಲ್ಕು ಜಿಲ್ಲೆಯ ಹಾಲಿನ ಸಂಘಗಳ ಕಾರ್ಯದರ್ಶಿಗಳು ನಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ. ಇದು ಆಸ್ತಿಯಲ್ಲವೇ?" ಎಂದರು. ಆ ಸಾಲನ್ನು ಹಾಳೆಗೆ ಸೇರಿಸಿದೆವು. ಕೊನೆಗೆ ನಮ್ಮ ತೀರ್ಮಾನವನ್ನು ತಿರುಗಿಸಿದ್ದು ಅದೇ ಸಾಲು.

ನೀವು ಮೀನುಗಾರರ ಊರಿನವರಾಗಿದ್ದರೆ ದೋಣಿ ಇರುವವರ ಪರಿಚಯವೇ ನಿಮ್ಮ ಬಂಡವಾಳ. ವಕೀಲರಾಗಿದ್ದರೆ ಆಕ್ಷೇಪಣೆ ಸಲ್ಲಿಸುವ ಕೆಲಸ ಬಲ್ಲಿರಿ. ಶಾಲೆಯವರಾಗಿದ್ದರೆ ನಿಮ್ಮ ಬಳಿ ಮಕ್ಕಳಿದ್ದಾರೆ, ಮಕ್ಕಳ ಮೂಲಕ ಮನೆಗಳಿವೆ. ಲಕ್ಷ ರೂಪಾಯಿ ಕೊಟ್ಟರೂ ಸಿಗದ ಒಂದು ದಾರಿ ನಿಮಗೆ ಸಲೀಸಾಗಿ ತೆರೆದಿರಬಹುದು. ಅದು ಯಾವುದೆಂದು ಹುಡುಕಿ ಬರೆಯಿರಿ.

ಕೆಂಪು ಪಟ್ಟಿಯನ್ನು ಓದುವ ಬಗೆ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. ದುರ್ಬಲ, ಅಪಾಯದಂಚಿನಲ್ಲಿರುವ, ತೀವ್ರ ಅಪಾಯದಂಚಿನಲ್ಲಿರುವ ಎಂದು ಅಪಾಯದ ಮೂರು ಮೆಟ್ಟಿಲುಗಳಿವೆ. ಸಂತಾನ ಪಡೆಯಬಲ್ಲ ಪ್ರಾಣಿಗಳು ಐವತ್ತಕ್ಕಿಂತ ಕಡಿಮೆ ಉಳಿದಿದ್ದರೆ ಅಥವಾ 250ಕ್ಕಿಂತ ಕಡಿಮೆಯಿದ್ದು ಇನ್ನೂ ಇಳಿಯುತ್ತಲೇ ಇದ್ದರೆ ಕೊನೆಯ ಮೆಟ್ಟಿಲಿಗೆ ಸೇರಿಸುತ್ತಾರೆ. ಹತ್ತು ವರ್ಷ ಅಥವಾ ಮೂರು ತಲೆಮಾರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕುಸಿದರೂ ಅದೇ ಮೆಟ್ಟಿಲು.

ಈ ಪಟ್ಟಿ ಜ್ವರ ಎಷ್ಟಿದೆ ಎಂದು ಹೇಳುತ್ತದೆ, ಅಷ್ಟೇ. ಯಾವ ಮದ್ದು, ಯಾವ ವೈದ್ಯರು, ಯಾರ ಮನೆಗೆ ಮೊದಲು ಹೋಗಬೇಕು ಎಂಬುದನ್ನು ನಾವೇ ಯೋಚಿಸಬೇಕು. ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಕ್ಷೇಮವಾಗಿದೆ ಎಂದೂ ಅಲ್ಲ. ಕಾವೇರಿಯ ಬಿಳಿಮೀನನ್ನೇ ನೋಡಿ. ಬೆನ್ನು ಗೂನಾದ ಆ ಮಹಶೀರ್ ಮೀನು ಐವತ್ತು ಕಿಲೋ ಮೀರಿ ತೂಗುತ್ತಿತ್ತು. ಗಾಳ ಹಾಕಲು ದೇಶ ವಿದೇಶಗಳಿಂದ ಜನ ಬರುತ್ತಿದ್ದರು. ಆದರೂ ಅದರ ವೈಜ್ಞಾನಿಕ ಹೆಸರು ಇದೇ ಎಂದು ಖಚಿತವಾದದ್ದು 2018ರಲ್ಲಿ. ಹೆಸರು ಖಚಿತವಾಗದ ಪ್ರಾಣಿಗೆ ಪಟ್ಟಿಯಲ್ಲಿ ಜಾಗ ಸಿಗುವುದಿಲ್ಲ. ಹೆಸರು ಸಿಕ್ಕ ವರ್ಷವೇ ಅದು ತೀವ್ರ ಅಪಾಯದಂಚಿನ ಸಾಲಿಗೆ ಸೇರಿತು. ಅಷ್ಟರಲ್ಲಿ, ನದಿಗೆ ಒಳ್ಳೆಯದಾಗಲಿ ಎಂದು ಮೊಟ್ಟೆ ಮರಿ ಮಾಡಿಸಿ ತಂದು ಬಿಟ್ಟ ಬೇರೆ ಜಾತಿಯ ಮಹಶೀರ್ ಇದರ ಜಾಗವನ್ನು ತುಂಬಿಕೊಂಡಿತ್ತು. ಆದ್ದರಿಂದ ಪಟ್ಟಿಯ ಜೊತೆಗೆ ನಿಮ್ಮ ಭಾಗದ ಬೆಸ್ತರನ್ನು, ಕುರಿಗಾಹಿಗಳನ್ನು, ಅರಣ್ಯ ಕಾವಲುಗಾರರನ್ನು ಕೇಳಿ. ಮೊದಲು ಕಾಣುತ್ತಿದ್ದು ಈಗ ಕಾಣದೆ ಹೋದದ್ದು ಏನು ಎಂದು ಕೇಳಿದರೆ ಸಾಕು.

ಹೀಗೆ ಹತ್ತು ಹನ್ನೆರಡು ಹೆಸರು ಬರೆದುಕೊಳ್ಳಿ. ಅದಕ್ಕಿಂತ ಹೆಚ್ಚು ಬೇಡ.

ಕಳೆದುಕೊಂಡರೆ ಎಷ್ಟು ಕಳೆದುಕೊಳ್ಳುತ್ತೇವೆ?

ಇಲ್ಲಿಂದ ಒಂದೊಂದು ಪ್ರಾಣಿಯನ್ನೂ ಎದುರಿಗೆ ಕೂರಿಸಿಕೊಂಡು ವಿಚಾರಿಸಬೇಕು.

ಮೊದಲ ವಿಚಾರ, ಇಲ್ಲಿ ಹೋದರೆ ಎಲ್ಲೆಡೆಯೂ ಹೋದ ಹಾಗೆಯೇ? ತೋಳ ನಮ್ಮ ಬಯಲಿನಿಂದ ಮರೆಯಾದರೆ ನನಗೆ ದುಃಖವಾಗುತ್ತದೆ. ಆದರೆ ತೋಳ ಜಗತ್ತಿನ ಬೇರೆ ಕಡೆಗಳಲ್ಲಿ ಇರುತ್ತದೆ. ಸಿಂಗಳೀಕಕ್ಕೆ ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ನೆಲೆಯಿಲ್ಲ. ಇನ್ನು ನಮ್ಮ ಜಿಲ್ಲೆಯ ಎಲೆಮೂಗಿನ ಬಾವಲಿ. ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ವಿವರಿಸಿದ್ದು 1994ರಲ್ಲಿ. ಆಗ ತೇರಹಳ್ಳಿ, ಹನುಮನಹಳ್ಳಿ ಎರಡೂ ಕಡೆ ಇತ್ತು. ಆಮೇಲೆ ಹುಡುಕಿದವರಿಗೆ ತೇರಹಳ್ಳಿಯಲ್ಲಿ ಸಿಗಲಿಲ್ಲ, ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಸಿಕ್ಕಿತು. ಇನ್ನೂರಕ್ಕಿಂತ ಕಡಿಮೆ. 2016ರಲ್ಲಿ ಅದನ್ನು ತೀವ್ರ ಅಪಾಯದಂಚಿನಲ್ಲಿದೆ ಎಂದು ಗುರುತಿಸಿದರು. ಮೂವತ್ತೊಂದು ವರ್ಷ ಆ ದಾರಿಯಲ್ಲಿ ಜೀಪಿನಲ್ಲಿ ಓಡಾಡಿದವಳು ನಾನು. ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಒಂದು ಜೀವ ಆ ಗುಡ್ಡದ ಹೊಟ್ಟೆಯಲ್ಲಿ ತಲೆಕೆಳಗಾಗಿ ಮಲಗಿದೆ ಎಂದು ಗೊತ್ತಾದದ್ದು ನಿವೃತ್ತಿಯ ನಂತರ.

ಎರಡನೆಯದು, ಅದಕ್ಕೆ ನೆಂಟರು ಎಷ್ಟು? ಲಂಡನ್ನಿನ ಪ್ರಾಣಿಶಾಸ್ತ್ರ ಸಂಘ 2007ರಿಂದ ಒಂದು ಲೆಕ್ಕ ಇಡುತ್ತಿದೆ. ವಂಶವೃಕ್ಷದಲ್ಲಿ ಒಂಟಿಯಾಗಿ ನಿಂತ, ಹತ್ತಿರದ ಬಂಧುಗಳಿಲ್ಲದ ಪ್ರಾಣಿಗೆ ಹೆಚ್ಚು ಅಂಕ. ಚಿಪ್ಪುಹಂದಿಯ ಇಡೀ ಕುಲದಲ್ಲಿ ಇರುವುದು ಎಂಟೇ ಜಾತಿ. ಇಂಥ ಕೊಂಬೆ ಮುರಿದರೆ ಅದರೊಡನೆ ಕೋಟ್ಯಂತರ ವರ್ಷಗಳ ಕಥೆಯೂ ಹೋಗುತ್ತದೆ. ಈ ಲೆಕ್ಕದಲ್ಲಿ ನನ್ನ ಬಾವಲಿಗೆ ಅಷ್ಟು ಅಂಕ ಸಿಗುವುದಿಲ್ಲ, ಅದಕ್ಕೆ ಎಲೆಮೂಗಿನ ದಾಯಾದಿಗಳು ಬಹಳ. ಅದು ನನ್ನ ಜಿಲ್ಲೆಯದೆಂದು ಅಂಕ ಹೆಚ್ಚಿಸಲು ಕೈ ತುರಿಸಿತು. ಹೆಚ್ಚಿಸಲಿಲ್ಲ. ನೀವೂ ಹೆಚ್ಚಿಸಬೇಡಿ. ಪರಿಚಯದ ರೈತನೆಂದು ಸಾಲದ ಅರ್ಜಿಯಲ್ಲಿ ಜಮೀನಿನ ಅಳತೆಯನ್ನು ಹಿಗ್ಗಿಸಿ ಬರೆದರೆ ಕೊನೆಗೆ ಮುಳುಗುವವನು ಅವನೇ.

ಮೂರನೆಯದು, ಅದು ಬಿದ್ದರೆ ಅದರೊಡನೆ ಇನ್ನೇನು ಬೀಳುತ್ತದೆ? ಇದಕ್ಕೆ ರಣಹದ್ದಿಗಿಂತ ದೊಡ್ಡ ಪಾಠ ನಮ್ಮ ದೇಶದಲ್ಲಿ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳ್ಳಿಯ ಹೊರಗೆ ಹಸು ಸತ್ತರೆ ಅರ್ಧ ದಿನದಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು. ಬಿಳಿಬೆನ್ನಿನ ರಣಹದ್ದುಗಳು 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಹೆಣಗಳು ಕೊಳೆತು ನೀರು ಕೆಟ್ಟಿತು, ಬೀದಿನಾಯಿಗಳು ಹೆಚ್ಚಿದವು. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಲೆಕ್ಕ ಹಾಕಿದ್ದಾರೆ. 2000ದಿಂದ 2005ರವರೆಗೆ, ರಣಹದ್ದು ಇಲ್ಲದ ಕಾರಣಕ್ಕೆ ಭಾರತದಲ್ಲಿ ಸುಮಾರು ಐದು ಲಕ್ಷ ಮನುಷ್ಯರು ಹೆಚ್ಚಾಗಿ ಸತ್ತಿದ್ದಾರೆ ಎನ್ನುವುದು ಅವರ ಅಂದಾಜು. ಅಪಶಕುನವೆಂದು ಮುಖ ತಿರುಗಿಸುತ್ತಿದ್ದ ಹಕ್ಕಿಯೊಂದು ನಮ್ಮ ಮಕ್ಕಳ ಪ್ರಾಣ ಕಾಯುತ್ತಿತ್ತು.

ಕಾರಣ ಗೊತ್ತೇ? ತಡೆಯಲು ಆಗುತ್ತದೆಯೇ?

ಪ್ರಾಣಿ ಎಷ್ಟೇ ಅಮೂಲ್ಯವಾಗಿರಲಿ, ಅದು ಯಾಕೆ ಸಾಯುತ್ತಿದೆ ಎಂಬುದು ಗೊತ್ತಿಲ್ಲದಿದ್ದರೆ ಹಣ ನೀರಿನಲ್ಲಿ ಹೋಮ. ಮಲಬಾರ್ ಪುನುಗು ಬೆಕ್ಕು ನಮ್ಮ ಕರಾವಳಿಯ ಕಡೆ ಇತ್ತು ಎನ್ನುತ್ತಾರೆ, ಮಂಗಳ ಕುತ್ರಿ ಎಂದು ಹೆಸರು. ದಶಕಗಳಿಂದ ಅದು ಖಚಿತವಾಗಿ ಯಾರ ಕಣ್ಣಿಗೂ ಬಿದ್ದಿಲ್ಲ. ಉಳಿದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿರುವಾಗ ರಕ್ಷಣೆಗೆ ಹಣ ಇಡುವುದು ಹೇಗೆ? ಹುಡುಕಲು ಹೊರಟವರಿಗೆ ಒಂದಿಷ್ಟು ಕೊಡಬಹುದು. ಅದು ಬೇರೆ ಬಾಬತ್ತು, ಬೇರೆಯಾಗಿಯೇ ಬರೆಯಿರಿ.

ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಬಯಲು ಹಕ್ಕಿಯ ವಿಷಯದಲ್ಲಿ ಕಾರಣ ಗೊತ್ತು. ಹದಿನೈದು ಕಿಲೋವರೆಗೆ ತೂಗುವ ಆ ಹಕ್ಕಿಗೆ ನೇರ ಎದುರಿನದು ಸರಿಯಾಗಿ ಕಾಣುವುದಿಲ್ಲ. ಹಾರುತ್ತ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ದೇಶದಲ್ಲಿ 150ರ ಆಸುಪಾಸು ಉಳಿದಿವೆ ಎನ್ನುತ್ತಾರೆ, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ, ನಮ್ಮಲ್ಲಿ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು. ರಾಣೆಬೆನ್ನೂರಿನ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದಾಗ ಕೃಷ್ಣಮೃಗದ ಜೊತೆಗೆ ಈ ಹಕ್ಕಿಯೂ ಅಲ್ಲಿತ್ತು. ಬಯಲು ಬಯಲಾಗಿಯೇ ಇರಬೇಕಾದ ಜಾಗದ ತುಂಬ ನೀಲಗಿರಿ ತೋಪು ಬೆಳೆದು ನಿಂತಿತು, ಹಕ್ಕಿ ಹೋಯಿತು. ಕಾರಣ ಗೊತ್ತಿದ್ದರೂ ಪರಿಹಾರ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ತಂತಿಯನ್ನು ನೆಲದೊಳಗೆ ಹಾಯಿಸುವ ವಿಷಯವನ್ನು ಸುಪ್ರೀಂ ಕೋರ್ಟೇ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ವಿಚಾರಿಸಬೇಕಾಯಿತು. ಜೈಸಲ್ಮೇರಿನಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಬೆಳೆಸುವ ಸರ್ಕಾರಿ ಕೇಂದ್ರವಿದೆ. ಅಲ್ಲಿಗೆ ನಮ್ಮ ಎರಡೂವರೆ ಲಕ್ಷ ಕೊಟ್ಟರೆ ಸಮುದ್ರಕ್ಕೆ ಚೊಂಬು ನೀರು ಸುರಿದಂತೆ.

ಈಗ ರಣಹದ್ದು. ಇಡೀ ಕುಸಿತಕ್ಕೆ ಮುಖ್ಯ ಕಾರಣ ಒಂದು ನೋವಿನ ಔಷಧಿ ಎಂದು 2004ರಲ್ಲಿ ಪತ್ತೆಯಾಯಿತು. ದನಕ್ಕೆ ಡೈಕ್ಲೋಫೆನಾಕ್ ಚುಚ್ಚಿ, ಸ್ವಲ್ಪ ದಿನದಲ್ಲೇ ದನ ಸತ್ತು, ಆ ಹೆಣವನ್ನು ರಣಹದ್ದು ತಿಂದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಹಿಂಡು ಒಟ್ಟಿಗೆ ಉಣ್ಣುವ ಹಕ್ಕಿಯಾದ್ದರಿಂದ ನೂರು ಹೆಣಗಳಲ್ಲಿ ಒಂದರಲ್ಲಿ ವಿಷವಿದ್ದರೂ ಸಂತತಿ ಕುಸಿಯಲು ಸಾಕು. ದನಗಳಿಗೆ ಇದನ್ನು 2006ರಲ್ಲೇ ನಿಷೇಧಿಸಿದರು. ಮನುಷ್ಯರ ಔಷಧಿಯ ದೊಡ್ಡ ಬಾಟಲಿಯನ್ನು ದನಕ್ಕೆ ಬಳಸುತ್ತಿದ್ದರೆಂದು 2015ರಲ್ಲಿ ಬಾಟಲಿಯನ್ನು 3 ಮಿಲಿಗೆ ಇಳಿಸಿದರು. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಿದರು, ಆಮೇಲೆ ನಿಮೆಸುಲೈಡ್ ಅನ್ನೂ. ಹಕ್ಕಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್, ಟೋಲ್ಫೆನಾಮಿಕ್ ಆಮ್ಲ ಎರಡೂ ಅಂಗಡಿಯಲ್ಲಿ ಸಿಗುತ್ತವೆ. ಇಷ್ಟು ಸ್ಪಷ್ಟವಾಗಿ ರೋಗವೂ ಮದ್ದೂ ಗೊತ್ತಿರುವ ಪ್ರಾಣಿ ಅಪರೂಪ.

ಕಾಗದದ ಮೇಲಿನ ನಿಷೇಧ ಅಂಗಡಿಯವರೆಗೆ ತಲುಪಿದೆಯೇ ಎಂದು ನೋಡಲು ನಾನೇ ಹೋದೆ. ಒಂದು ತಾಲ್ಲೂಕು ಕೇಂದ್ರದ ಸಂತೆಬೀದಿ, ಮಂಗಳವಾರ, ಮಧ್ಯಾಹ್ನ. ಹಸುವಿನ ಕಾಲು ಊದಿದೆ, ಏಳುತ್ತಿಲ್ಲ ಎಂದೆ. ಅಂಗಡಿಯವನು ಒಳ್ಳೆಯ ಹುಡುಗ, ನೀರು ಕೊಟ್ಟು ಕೂರಿಸಿದ. ಕಪಾಟಿನ ಕೆಳಗಿನ ಖಾನೆಯಿಂದ ಮನುಷ್ಯರಿಗೆ ಕೊಡುವ ಪುಟ್ಟ ಡೈಕ್ಲೋಫೆನಾಕ್ ಬಾಟಲಿಗಳನ್ನು ತೆಗೆದು, ಒಂದೊಂದಾಗಿ ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಐದು. "ಅಮ್ಮ, ಇವೆಲ್ಲವನ್ನೂ ಒಂದೇ ಸಿರಿಂಜಿಗೆ ಎಳೆದುಕೊಳ್ಳಲು ಹೇಳಿ, ಸಂಜೆಯ ಹೊತ್ತಿಗೆ ಎದ್ದು ನಿಲ್ಲುತ್ತದೆ" ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ರಣಹದ್ದಿಗೂ ಇದಕ್ಕೂ ಇರುವ ನಂಟನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಆ ಐದು ಬಾಟಲಿಗಳನ್ನು ನೋಡುತ್ತ ನನಗೆ ಎದೆ ಭಾರವಾಯಿತು, ಜೊತೆಗೇ ಒಂದು ಧೈರ್ಯವೂ ಬಂತು. ಜೈಸಲ್ಮೇರಿನ ತಂತಿಯನ್ನು ನಾನು ಹೂಳಲಾರೆ. ಈ ಹುಡುಗನೊಡನೆ ಮಾತನಾಡಬಲ್ಲೆ.

ಕೂಡಬೇಡಿ, ಗುಣಿಸಿ

ಇಡೀ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಾಲದ ಅರ್ಜಿಗೆ ಅಂಕಗಳನ್ನು ಕೂಡಿ ನೋಡುವ ಪದ್ಧತಿಯಿತ್ತು. ಜಮೀನಿಗೆ ಇಷ್ಟು, ಅನುಭವಕ್ಕೆ ಇಷ್ಟು, ನಡತೆಗೆ ಇಷ್ಟು, ಬಾವಿಯ ನೀರಿಗೆ ಇಷ್ಟು. ಒಬ್ಬ ರೈತನಿಗೆ ಉಳಿದೆಲ್ಲದರಲ್ಲೂ ಒಳ್ಳೆಯ ಅಂಕ ಬಂದು, ನೀರಿಗೆ ಮಾತ್ರ ಸೊನ್ನೆ ಬಂತು. ಮೊತ್ತ ಮಿತಿಯನ್ನು ದಾಟಿತ್ತು. ಪಂಪ್‌ಸೆಟ್ ಸಾಲ ಮಂಜೂರು ಮಾಡಿದೆ. ಬಾವಿಯಲ್ಲಿ ನೀರೇ ಇಲ್ಲದೆ ಪಂಪ್‌ಸೆಟ್ ಏನು ಮಾಡೀತು? ಅವನು ಸಾಲ ತೀರಿಸಲು ಎತ್ತು ಮಾರಿದ. ಆ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದುದನ್ನು ಜೀಪಿನಿಂದ ನೋಡಿದ್ದು ಇವತ್ತಿಗೂ ಮರೆತಿಲ್ಲ. ಅಂಕಗಳನ್ನು ಗುಣಿಸಿದ್ದರೆ ಉತ್ತರ ಸೊನ್ನೆ ಬರುತ್ತಿತ್ತು, ನನ್ನ ಕೈ ತಡೆಯುತ್ತಿತ್ತು.

ಪ್ರಾಣಿಗಳ ವಿಷಯದಲ್ಲೂ ಹೀಗೆಯೇ. ನ್ಯೂಜಿಲೆಂಡಿನಲ್ಲಿ ನೂರಾರು ಜಾತಿಗಳು ಅಪಾಯದಲ್ಲಿದ್ದು ಹಣ ಸಾಲದಿದ್ದಾಗ, ಲಿಯಾನಾ ಜೋಸೆಫ್, ರಿಚರ್ಡ್ ಮಲೋನಿ, ಹ್ಯೂ ಪಾಸಿಂಗ್‌ಹ್ಯಾಮ್ ಎಂಬ ಮೂವರು 2009ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. ಜಾತಿಯ ಮಹತ್ವವನ್ನು, ಕೆಲಸದಿಂದ ಆಗುವ ಪ್ರಯೋಜನವನ್ನು, ಅದು ಫಲಿಸುವ ಸಾಧ್ಯತೆಯನ್ನು ಗುಣಿಸಿ, ಖರ್ಚಿನಿಂದ ಭಾಗಿಸುವುದು. ನಾವು ಅದನ್ನು ನಮ್ಮ ಹಜಾರಕ್ಕೆ ಹೊಂದುವಂತೆ ಮಾಡಿಕೊಂಡಿದ್ದೇವೆ. ಕಳೆದುಕೊಂಡರೆ ಆಗುವ ನಷ್ಟಕ್ಕೆ ಹತ್ತರಲ್ಲಿ ಅಂಕ. ಕೆಲಸ ಫಲಿಸುವ ಸಾಧ್ಯತೆ ಸೊನ್ನೆಯಿಂದ ಒಂದರೊಳಗೆ. ನಾವು ಸೇರಿದ್ದರಿಂದಲೇ ಆಗುವ ವ್ಯತ್ಯಾಸ, ಅದೂ ಸೊನ್ನೆಯಿಂದ ಒಂದರೊಳಗೆ. ಮೂರನ್ನೂ ಗುಣಿಸಿ, ನಮ್ಮ ಖರ್ಚು ಎಷ್ಟು ಲಕ್ಷವೋ ಅದರಿಂದ ಭಾಗಿಸುತ್ತೇವೆ.

ನಮ್ಮ ಕಳೆದ ಸಲದ ಹಾಳೆ ಹೀಗಿತ್ತು, ಅಂಕಗಳೆಲ್ಲ ನಾವೇ ಕೂತು ಊಹಿಸಿದ್ದು. ಎರ್ಲಡ್ಡುವಿಗೆ ನಷ್ಟ 9, ಸಾಧ್ಯತೆ 0.4, ನಮ್ಮ ವ್ಯತ್ಯಾಸ 0.01, ಖರ್ಚು ಎರಡೂವರೆ ಲಕ್ಷ. ಉತ್ತರ 0.014. ಸಿಂಗಳೀಕಕ್ಕೆ 8, 0.6, 0.05, ಎರಡು ಲಕ್ಷ. ಉತ್ತರ 0.12. ಎಲೆಮೂಗಿನ ಬಾವಲಿಗೆ 7, 0.6, 0.2, ಒಂದು ಲಕ್ಷ. ಉತ್ತರ 0.84. ರಣಹದ್ದಿಗೆ 9, 0.5, 0.3, ಒಂದೂವರೆ ಲಕ್ಷ. ಉತ್ತರ 0.9.

ಇಲ್ಲಿಗೇ ನಿಲ್ಲಿಸಬೇಡಿ, ಅಂಕಗಳನ್ನು ಅಲ್ಲಾಡಿಸಿ ನೋಡಿ. ರಣಹದ್ದಿನ ಸಾಧ್ಯತೆಯನ್ನು 0.4ಕ್ಕೆ ಇಳಿಸಿದರೆ ಉತ್ತರ 0.72 ಆಗಿ, ಬಾವಲಿ ಮುಂದೆ ಬರುತ್ತದೆ. ಅಂದರೆ ಈ ಎರಡರ ನಡುವೆ ಯಾವುದು ಮೇಲು ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ, ನಮ್ಮ ಊಹೆ ಅಷ್ಟು ನುಣುಪಾಗಿಲ್ಲ. ಎರ್ಲಡ್ಡುವಿನ ನಷ್ಟವನ್ನು ಹತ್ತಕ್ಕೇರಿಸಿ, ನಮ್ಮ ವ್ಯತ್ಯಾಸವನ್ನು ಮೂರು ಪಟ್ಟು ಮಾಡಿದರೂ 0.05 ಮುಟ್ಟುವುದಿಲ್ಲ. ಅಲ್ಲಿ ಅನುಮಾನ ಉಳಿಯುವುದಿಲ್ಲ. ಒಂದೂವರೆ ಲಕ್ಷ ರಣಹದ್ದಿಗೆ, ಒಂದು ಲಕ್ಷ ಬಾವಲಿಗೆ ಎಂದು ಬರೆದೆವು.

ಸಿಂಗಳೀಕದ ವಿಷಯವಾಗಿ ಒಂದು ಮಾತು. ಶಿರಸಿಯಿಂದ ಹೊನ್ನಾವರದ ಕಡೆ ಇಳಿಯುವ ಕಾಡಿನಲ್ಲಿ ಈ ಕೋತಿಯ ಉತ್ತರ ತುದಿಯ ಸಂತತಿಯಿದೆ. ಅಲ್ಲಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ. ಮಳೆಗಾಲದಲ್ಲಿ ಜನ ಉಪ್ಪಾಗೆ ಹಣ್ಣು ಕೊಯ್ಯುತ್ತಾರೆ, ಅದೇ ಹಣ್ಣು ಸಿಂಗಳೀಕಕ್ಕೂ ಬೇಕು. ಕೊಂಬೆ ಕಡಿಯದೆ, ಒಂದಿಷ್ಟನ್ನು ಮರದಲ್ಲೇ ಬಿಟ್ಟು ಕೊಯ್ಯುವಂತೆ ಊರವರನ್ನು ಒಪ್ಪಿಸುವುದು ಅಲ್ಲಿನ ಕೆಲಸ. ಕೋಲಾರದಿಂದ ಹೋದ ನನ್ನ ಮಾತನ್ನು ಅಲ್ಲಿ ಯಾರು ಕೇಳುತ್ತಾರೆ? ಅದಕ್ಕೇ 0.05. ನೀವು ಸಿದ್ದಾಪುರದ ಸಹಕಾರಿ ಸಂಘದಲ್ಲಿ ಉಪ್ಪಾಗೆ ಕೊಳ್ಳುವ ಮೇಜಿನ ಹಿಂದೆ ಕೂತವರಾಗಿದ್ದರೆ ಅದೇ ಅಂಕ 0.5 ಆಗಬಹುದು. ಆಗ ಉತ್ತರ 1.2, ನಿಮ್ಮ ಹಾಳೆಯಲ್ಲಿ ಸಿಂಗಳೀಕವೇ ಮೊದಲು. ನಮ್ಮ ಉತ್ತರವನ್ನು ನಕಲು ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಪಕ್ಕದಲ್ಲಿ ಬದುಕುವವರ ನಷ್ಟವನ್ನೂ ಖರ್ಚಿಗೆ ಬರೆಯಿರಿ

ಬಾವಲಿಗೆ ಹಣ ಇಡುವ ಮೊದಲು ಒಂದು ಸಂಜೆ ಗುಡ್ಡದ ಬಳಿ ಹೋಗಿದ್ದೆ. ಗುಹೆಯೊಳಗೆ ಹೋಗಲಿಲ್ಲ. ಯಾರೂ ಹೋಗಬಾರದು. ಟಾರ್ಚಿನ ಬೆಳಕಿಗೆ, ಮಾತಿಗೆ ಬೆದರಿ ಹಿಂಡು ಎದ್ದರೆ ಮರಿಗಳು ಕೆಳಗೆ ಬೀಳುತ್ತವೆ. ದೂರದ ಬಂಡೆಯ ಮೇಲೆ ಕೂತೆವು. ಬಂಡೆ ಇನ್ನೂ ಬಿಸಿಲಿನ ಕಾವಿನಲ್ಲಿತ್ತು. ಅದರ ಅಂಚಿನಲ್ಲಿ ಗೇಣಿಗೊಂದರಂತೆ ಸಾಲಾಗಿ ಕೊರೆದ ತೂತುಗಳು, ಬೆಣೆ ಹೊಡೆದು ಕಲ್ಲು ಸೀಳಲು ಮಾಡಿದ್ದು. ಒಂದು ತೂತಿನಲ್ಲಿ ಮಳೆನೀರು ನಿಂತು ಒಣಗಿ ಬಿಳಿ ಬಳೆಯಂತೆ ಗುರುತು ಉಳಿದಿತ್ತು. ಕತ್ತಲಾಗುತ್ತಿದ್ದಂತೆ ಗುಡ್ಡದ ಸಂದಿಯಿಂದ ಒಂದು ಬಂತು, ಆಮೇಲೆ ಮೂರು, ಆಮೇಲೆ ಎಣಿಸಲಾಗದಷ್ಟು. ಬೇರೆ ಜಾತಿಯ ಬಾವಲಿಗಳೂ ಅಲ್ಲೇ ಇರುವುದರಿಂದ ಯಾವುದು ನಮ್ಮದು ಎಂದು ಹೇಳಲಾಗದು. ಕೆನ್ನೆಗೆ ಗಾಳಿ ತಾಗಿದಂತಾಯಿತು, ಸದ್ದಿಲ್ಲ.

ಜೊತೆಗೆ ಕೂತಿದ್ದವರು ಮೊದಲು ಈ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದು, ಬಾವಲಿಗಾಗಿ ಆ ಕೆಲಸ ಬಿಡಬೇಕಾಗಿ ಬಂದ ಹಿರಿಯರು. ಅವರ ಹೆಬ್ಬೆರಳಿನ ಉಗುರು ಸುತ್ತಿಗೆ ಏಟಿಗೆ ಎರಡಾಗಿ ಬೆಳೆದಿತ್ತು. "ಅಮ್ಮ, ಬಾವಲಿಗೆ ಈ ಗುಹೆ ಬಿಟ್ಟರೆ ಇನ್ನೊಂದಿಲ್ಲ ಎನ್ನುತ್ತೀರಿ. ನನಗೂ ಈ ಕಸುಬು ಬಿಟ್ಟರೆ ಇನ್ನೊಂದು ಇರಲಿಲ್ಲ" ಎಂದರು. ಮನೆಗೆ ಬಂದು ಖರ್ಚಿನ ಕಾಲಂ ತಿದ್ದಿದೆ. ಆವರೆಗೆ ಅಲ್ಲಿ ಓಡಾಟದ ಖರ್ಚು, ಸಂಶೋಧಕರಿಗೆ ಬೇಕಾದ ಧ್ವನಿ ದಾಖಲಿಸುವ ಯಂತ್ರ ಮಾತ್ರ ಇದ್ದವು. ಅವರ ಊರಿನ ಇಬ್ಬರಿಗೆ ಕಾವಲಿನ ಗೌರವಧನವನ್ನು ಸೇರಿಸಿದೆವು. ಬಾವಲಿಯ ಖರ್ಚು ಒಂದು ಲಕ್ಷವಾದದ್ದು ಹಾಗೆ, ಮೊದಲು ನಲವತ್ತು ಸಾವಿರವಿತ್ತು. ಪ್ರಾಣಿ ಉಳಿದದ್ದರ ಬೆಲೆಯನ್ನು ಊರಿನ ಬಡವನೊಬ್ಬ ಒಬ್ಬನೇ ತೆರುವಂತಾದರೆ ಆ ಕೆಲಸ ಬಾಳುವುದಿಲ್ಲ, ಬಾಳಲೂಬಾರದು.

ಬಿಟ್ಟವುಗಳ ಪುಸ್ತಕ

"ಇದು ಚಿತ್ರಗುಪ್ತನ ಕೆಲಸ ಅಕ್ಕ, ಇವು ಇರಲಿ ಅವು ಹೋಗಲಿ ಎನ್ನಲು ನಾವು ಯಾರು?" ಎಂದು ನಮ್ಮಲ್ಲಿ ಕಿರಿಯಳೊಬ್ಬಳು ಪ್ರತಿ ವರ್ಷ ಕೇಳುತ್ತಾಳೆ. ಕೇಳಲೇಬೇಕಾದ ಮಾತು ಅದು. ಯಾವುದೂ ಹೋಗಲಿ ಎಂದು ನಾವು ಹೇಳುತ್ತಿಲ್ಲ. ಆದರೆ ಈ ವರ್ಷ ಕೈಬಿಟ್ಟ ಪ್ರಾಣಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕಾಗಿ ನೀಲಿ ರಟ್ಟಿನ ಒಂದು ಪುಸ್ತಕ ಇಟ್ಟಿದ್ದೇವೆ. ಆರಿಸದ ಪ್ರತಿಯೊಂದು ಪ್ರಾಣಿಗೂ ಅದರಲ್ಲಿ ಒಂದು ಪುಟ. ದಿನಾಂಕ, ಬಿಟ್ಟ ಕಾರಣ, ಏನು ಬದಲಾದರೆ ಮತ್ತೆ ಎತ್ತಿಕೊಳ್ಳುತ್ತೇವೆ ಎಂಬ ಮೂರು ಸಾಲು. ಎರ್ಲಡ್ಡುವಿನ ಪುಟದಲ್ಲಿ, 'ಸಿರುಗುಪ್ಪದಲ್ಲಿ ಊರಿನವರೇ ಗೂಡು ಕಾಯಲು ಮುಂದೆ ಬಂದರೆ' ಎಂದಿದೆ. ಬಿಳಿಮೀನಿನ ಪುಟದಲ್ಲಿ, 'ನದಿಯ ದಡದಲ್ಲಿ ನಮಗೆ ಒಬ್ಬರು ಸಿಕ್ಕರೆ' ಎಂದಿದೆ.

ಆ ಪುಸ್ತಕದಲ್ಲಿ 'ಆಸೆಯಿಲ್ಲ' ಎಂಬ ಮಾತನ್ನು ಬರೆಯುವುದನ್ನು ನಿಷೇಧಿಸಿದ್ದೇವೆ. ಅಸ್ಸಾಮಿನಲ್ಲಿ ಕುಬ್ಜ ಹಂದಿಯನ್ನು ಉಳಿಸಲು ಹೊರಟವರು 1996ರಲ್ಲಿ ಮಾನಸ್ ಕಾಡಿನಿಂದ ಹಿಡಿದು ತಂದದ್ದು ಆರೇ ಆರು ಹಂದಿಗಳನ್ನು. ಹನ್ನೆರಡು ವರ್ಷ ಕಳೆದು 2008ರಲ್ಲಿ ಅವುಗಳ ಸಂತತಿಯನ್ನು ಹುಲ್ಲುಗಾವಲಿಗೆ ಬಿಡಲು ಶುರುಮಾಡಿದರು. ಮಾರಿಷಸ್ಸಿನ ಚಾಣವೆಂಬ ಪುಟ್ಟ ಬೇಟೆ ಹಕ್ಕಿ 1974ರಲ್ಲಿ ಕಾಡಿನಲ್ಲಿ ನಾಲ್ಕಕ್ಕೆ ಇಳಿದಿತ್ತು, ನೂರಾರಕ್ಕೆ ಏರಿತು. ಸಂಖ್ಯೆ ಕಡಿಮೆ ಎಂಬುದೊಂದೇ ಕೈಬಿಡಲು ಕಾರಣವಾಗಬಾರದು.

ಕೊಟ್ಟ ಮೇಲೆ ಹೋಗಿ ನೋಡಿ

ಸಾಲ ಕೊಟ್ಟು ಹಸು ಬಂತೇ ಎಂದು ಕೊಟ್ಟಿಗೆಗೆ ಹೋಗಿ ನೋಡದ ಅಧಿಕಾರಿಯ ಸಾಲ ವಸೂಲಾಗುವುದಿಲ್ಲ. ಏನನ್ನು ಎಣಿಸುತ್ತೀರಿ ಎಂದು ಮೊದಲೇ ಬರೆದಿಡಿ. ರಣಹದ್ದನ್ನೇ ಎಣಿಸುತ್ತೇವೆ ಎಂದು ಹೊರಟರೆ ನಿರಾಶೆಯಾಗುತ್ತದೆ. ಅದೂ ವರ್ಷಕ್ಕೆ ಒಂದೇ ಮೊಟ್ಟೆ ಇಡುವ, ಐದು ವರ್ಷಕ್ಕೆ ಪ್ರಾಯಕ್ಕೆ ಬರುವ ಹಕ್ಕಿ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದರು. ಅಲ್ಲಿನ ಉದ್ದಕೊಕ್ಕಿನ ರಣಹದ್ದುಗಳು ಈಗಲೂ ಬೆರಳೆಣಿಕೆಯಷ್ಟೇ, ತಿನ್ನಲು ಹೆಣವೂ ಸುಲಭಕ್ಕೆ ಸಿಗುವುದಿಲ್ಲ. ಆದ್ದರಿಂದ ನಾವು ಎಣಿಸುವುದು ಔಷಧಿಯ ಬಾಟಲಿಗಳನ್ನು. ಹಕ್ಕಿ ಆಹಾರಕ್ಕಾಗಿ ನೂರು ಕಿಲೋಮೀಟರ್ ಹಾರಬಲ್ಲದು ಎಂದು, ಬೆಟ್ಟದಿಂದ ಅಷ್ಟು ದೂರದೊಳಗಿನ ಹಾಲಿನ ಸಂಘಗಳನ್ನು ನಕ್ಷೆಯಲ್ಲಿ ಗುರುತಿಸಿ ಹಂಚಿಕೊಂಡಿದ್ದೇವೆ. ಒಬ್ಬೊಬ್ಬರಿಗೆ ಹನ್ನೆರಡು ಸಂಘ. ತಿಂಗಳಿಗೊಮ್ಮೆ ಹೋಗುವುದು, ಕಾರ್ಯದರ್ಶಿಯ ಬಳಿ ಕಾಫಿ ಕುಡಿಯುವುದು, ಪಶುವೈದ್ಯರು ಯಾವುದನ್ನು ಬರೆದುಕೊಟ್ಟರು ಎಂದು ಕೇಳಿ ಬರೆದುಕೊಳ್ಳುವುದು. ಮೂರು ವರ್ಷದ ತನಕ ಪ್ರಾಣಿಯನ್ನು ಬದಲಿಸುವುದಿಲ್ಲ ಎಂದು ನಿರ್ಧರಿಸಿದ್ದೇವೆ, ವರ್ಷಕ್ಕೊಂದು ಪ್ರೀತಿ ಬದಲಿಸಿದರೆ ಯಾವುದೂ ಬೇರು ಬಿಡುವುದಿಲ್ಲ.

ಸಂತೆಬೀದಿಯ ಆ ಹುಡುಗನ ಅಂಗಡಿ ನನ್ನ ಪಾಲಿಗೆ ಬಂದಿದೆ. ಮೊದಲ ತಿಂಗಳು ಅವನು ಸುಮ್ಮನೆ ಕೇಳಿಸಿಕೊಂಡ. ಎರಡನೆಯ ತಿಂಗಳು, ಮೆಲಾಕ್ಸಿಕ್ಯಾಮ್ ತರಿಸಿದರೆ ಜನ ಕೊಳ್ಳುವರೇ ಎಂದು ಕೇಳಿದ. ಕಳೆದ ವಾರ ಮೊಬೈಲಿಗೆ ಒಂದು ಚಿತ್ರ ಕಳುಹಿಸಿದ್ದಾನೆ. ಕಪಾಟಿನ ಕೆಳಗಿನ ಖಾನೆ, ಅದರಲ್ಲಿ ದನದ ಮೆಲಾಕ್ಸಿಕ್ಯಾಮ್ ಬಾಟಲಿಗಳು ಎರಡು ಸಾಲು, ಮುಂದಿನ ಸಾಲಿನಲ್ಲಿ ಮೂರು ಖಾಲಿ ಜಾಗ. ಮೂರು ಮಾರಾಟ ಎಂದು ದಿನಾಂಕ ಹಾಕಿ ಬರೆದುಕೊಂಡೆ.